ನಿನ್ನ ವಾರ್ಡಿನ ಮೇಲೊಂದು ಚುಕ್ಕೆ ಪ್ರಶ್ನೆ

ವಿಜಯವಾಡ,
ಭಾನುವಾರ ಬೆಳಿಗ್ಗೆ

ಪುಟ್ಟೀ ಪ್ರತ್ಯೂಷಾ,

ನಿನ್ನ ಮುನಿಸು ಇನ್ನೂ ಇಳಿದಿಲ್ಲವೆಂದು ಗೊತ್ತು. ಆದರೂ ಇದನ್ನು ಕೊನೆಯವರೆಗೆ ಓದು. ಫೋನೇ ಎತ್ತುವುದಿಲ್ಲ ಎಂದು ಹಟ ಹಿಡಿದವಳಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ? ನಿನ್ನ ನಾನ್ನ ಮಧ್ಯಾಹ್ನದ ರೈಲಿಗೆ ವಿಶಾಖಪಟ್ಟಣಕ್ಕೆ ಹೊರಟಿದ್ದಾರೆ. ಗೋಂಗೂರ ಪಚ್ಚಡಿಯ ಡಬ್ಬಿಯ ಜೊತೆ ಇದನ್ನೂ ಅವರ ಚೀಲಕ್ಕೆ ಹಾಕುತ್ತೇನೆ. ಇಷ್ಟು ವರ್ಷ ಸಂಸಾರ ಮಾಡಿದರೂ ಅವರಿಗೆ ಕನ್ನಡ ಓದಲು ಬರಲಿಲ್ಲ. ಅದರ ಬಗ್ಗೆ ಅವರನ್ನು ಎಷ್ಟು ಛೇಡಿಸಿದ್ದೇನೋ ಲೆಕ್ಕವಿಲ್ಲ, ಈ ಸಲ ಮಾತ್ರ ಒಳ್ಳೆಯದೇ ಆಯಿತು. ಅವರಿಗೆ ನಾನು ಅರ್ಧ ಮಾತ್ರ ಹೇಳಿದ್ದೇನೆ. ಪೂರ್ತಿ ಹೇಳಿದರೆ ರೈಲಿನಲ್ಲೇ ಬಿ.ಪಿ. ಏರಿಸಿಕೊಳ್ಳುತ್ತಾರೆ. ನಿನಗೂ ಕನ್ನಡ ಸರಾಗವಲ್ಲ, ಗೊತ್ತು. ತೆಲುಗು ಅಕ್ಷರಗಳ ತಲೆಯ ಮೇಲಿನ ಗೆರೆಯನ್ನು ಸ್ವಲ್ಪ ಬದಲಿಸಿಕೊಂಡು ಓದಿಕೊಂಡು ಹೋಗು. ನಮ್ಮ ಆಫೀಸಿನಲ್ಲಿ, ನಿನ್ನ ಆಸ್ಪತ್ರೆಯಲ್ಲಿ ಯಾರ ಕೈಗೆ ಸಿಕ್ಕರೂ ಅರ್ಥವಾಗದ ಭಾಷೆ ಇದೊಂದೇ.

ನೀನು ಚಿಕ್ಕವಳಿದ್ದಾಗ ವಿಧಾನಸಭೆ ಅಧಿವೇಶನ ಬಂತೆಂದರೆ ಕೇಳುತ್ತಿದ್ದೆ, "ಅಮ್ಮಾ, ನಿಂಗೂ ಪರೀಕ್ಷೆನಾ?" ಎಂದು. ಹೌದು ಪುಟ್ಟೀ, ಅದೂ ಪರೀಕ್ಷೆಯೇ. ಪ್ರಶ್ನೆ ಕೇಳುವವರು ಎಮ್ಮೆಲ್ಯೆ, ಎದ್ದು ನಿಂತು ಉತ್ತರ ಹೇಳುವವರು ಮಂತ್ರಿ, ನಡುವೆ ಸಚಿವಾಲಯದಲ್ಲಿ ಕೂತು ಬರೆಯುವವಳು ನಾನು. ಯಾವ ಊರಿನ ಸೇತುವೆಗೆ ಎಷ್ಟು ಖರ್ಚಾಯಿತು, ಯಾವ ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ, ಎಲ್ಲದಕ್ಕೂ ಜಿಲ್ಲೆಯಿಂದ ವರದಿ ತರಿಸಿ ಮೂರು ಸಾಲಿಗೆ ಇಳಿಸುವುದು ನನ್ನ ಕೆಲಸ. ಈ ಕೆಲಸಕ್ಕೆ ಒಂದು ಹಳೆಯ ಒಳದಾರಿ ಇದೆ. ಪ್ರಶ್ನೆಯ ಮೊದಲ ಭಾಗ "ಇದು ನಿಜವೇ?" ಎಂದಿರುತ್ತದೆ. ಅದಕ್ಕೆ "ಇಲ್ಲ" ಎಂದು ಬರೆದುಬಿಟ್ಟರೆ ಕೆಳಗಿನ ಎಲ್ಲ ಭಾಗಗಳಿಗೂ "ಉದ್ಭವಿಸುವುದಿಲ್ಲ" ಎಂದು ಬರೆದು ಊಟಕ್ಕೆ ಹೋಗಬಹುದು. "ಹೌದು" ಎಂದೆಯೋ, ಯಾವಾಗಿನಿಂದ, ಯಾಕೆ, ಯಾರ ತಪ್ಪು, ಯಾವತ್ತಿಗೆ ಸರಿಯಾಗುತ್ತದೆ ಎಂದು ಬಾಲ ಬೆಳೆಯುತ್ತಲೇ ಹೋಗುತ್ತದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನಂಬಿದ ಜನ ನಾವು.

ಈ ಸಲ ಬಂದ ಪ್ರಶ್ನೆಗಳ ಕಟ್ಟಿನಲ್ಲಿ ನಿನ್ನ ಆಸ್ಪತ್ರೆಯ ಹೆಸರು ಕಂಡಾಗ ಮೊದಲು ಖುಷಿಯೇ ಆಯಿತು, ನೋಡು. ಹೆತ್ತವರಿಗೆ ಹೆಗ್ಗಣವೂ ಮುದ್ದು. ಆಮೇಲೆ ಓದಿದೆ. ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸದನದಲ್ಲಿ ಬಾಯಿಬಿಟ್ಟು ಉತ್ತರಿಸಬೇಕಾದದ್ದು. (ಅ) ನವಜಾತ ಶಿಶುಗಳ ವಾರ್ಡಿನ ಜನರೇಟರ್ ಕೆಟ್ಟು ನಿಂತಿರುವುದು ನಿಜವೇ? (ಆ) ನಿಜವಾದಲ್ಲಿ ಯಾವಾಗಿನಿಂದ, ದುರಸ್ತಿಗೆ ಮಾಡಿದ ವೆಚ್ಚವೆಷ್ಟು? (ಇ) ಸರಿಪಡಿಸಲು ಕೈಗೊಂಡ ಕ್ರಮಗಳೇನು? (ಅ)ಗೆ ಉತ್ತರ ನನಗೆ ಗೊತ್ತಿತ್ತು, ಅದೂ ಯಾವ ವರದಿಯಿಂದಲೂ ಅಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ನೀನು ಡ್ಯೂಟಿ ಮುಗಿಸಿ ಫೋನ್ ಮಾಡಿದ್ದೆ. "ಅಮ್ಮಾ, ಕರೆಂಟ್ ಪೋಯಿಂದಿ. ಜನರೇಟರ್ ಅಂತೂ ಸತ್ತೇ ಹೋಗಿದೆ. ವಾರ್ಮರ್ ಎಲ್ಲ ಆಫ್. ತಾಯಂದಿರ್ನೆಲ್ಲ ಕರ್ದು ಅವರವರ ಎದೆ ಮೇಲೆ ಮಕ್ಕಳ್ನ ಹಾಕಿ, ಮೇಲೆ ಚೀರೆ ಕಟ್ಟಿದ್ವಿ. ಲಕ್ಷ್ಮೀಪ್ರಸನ್ನ ಸಿಸ್ಟರ್ ಒಂದು ಮಗೂಗೆ ಕೈಯಲ್ಲೇ ಬಲೂನ್ ಒತ್ತಿ ಒತ್ತಿ ಗಾಳಿ ಕೊಟ್ರು. ಒಂದು ಮಗು ತಾಯಿ ಇನ್ನೂ ಥಿಯೇಟರಲ್ಲೇ ಇದ್ಲು. ಅದನ್ನ ನಾನೇ ಹಾಕ್ಕೊಂಡೆ." ನಗುತ್ತಾ ಹೇಳಿದ್ದೆ. ನಾನೂ ನಕ್ಕೆ. ದೀಪದ ಬುಡದಲ್ಲೇ ಕತ್ತಲೆ, ಅಪ್ಪ ಕೊಂಡಪಲ್ಲಿ ಪಕ್ಕದ ವಿದ್ಯುತ್ ಸ್ಥಾವರದಲ್ಲಿ ಜನ್ಮವಿಡೀ ಕರೆಂಟ್ ಹುಟ್ಟಿಸಿದ, ಮಗಳಿಗೆ ಬಲ್ಬಿಗೂ ಗತಿಯಿಲ್ಲ ಎಂದೆ. ಫೋನಿಟ್ಟ ಮೇಲೆ ಮಾತ್ರ ಕಣ್ಣ ಮುಂದೆ ಅದೇ ಚಿತ್ರ. ಇನ್ನೂ ಮದುವೆಯಾಗದ ನನ್ನ ಮಗಳು ಯೂನಿಫಾರ್ಮಿನ ಗುಂಡಿ ಬಿಚ್ಚಿ, ಯಾರದೋ ಕೂಸನ್ನು ಮೈಗೊತ್ತಿಕೊಂಡು, ಕರೆಂಟ್ ಬರಲಿ ಎಂದು ಬಾಗಿಲು ನೋಡುತ್ತಾ ಕೂತಿದ್ದಾಳೆ. ಆ ಮಗು ಉಳಿಯಿತು ಎಂದು ನೀನು ಮರುದಿನ ಮೆಸೇಜ್ ಹಾಕುವವರೆಗೂ ನನಗೆ ಊಟ ಸೇರಲಿಲ್ಲ.

ಜಿಲ್ಲೆಯಿಂದ ವರದಿ ಬಂತು. (ಅ) ಇಲ್ಲ. (ಆ) ಉದ್ಭವಿಸುವುದಿಲ್ಲ. (ಇ) ಉದ್ಭವಿಸುವುದಿಲ್ಲ. ಜೊತೆಗೆ ಜನರೇಟರಿನ ಒಂದು ಫೋಟೋ, ಹೊಸದಾಗಿ ಒರೆಸಿ ಕುಂಕುಮ ಹಚ್ಚಿದ್ದರು. ನನ್ನ ಮೇಲಿನ ಅಧಿಕಾರಿ ರಾಮ್‌ಪ್ರಸಾದ್ ಗಾರು ನೋಡಿ, "ಲೇದು ಅನಿ ರಾಸೆಯ್ಯಂಡಿ ಮೇಡಂ, ಗೊಡವ ಉಂಡದು" ಎಂದರು. ಇಲ್ಲ ಅಂತ ಬರೆದುಬಿಡಿ, ಗಲಾಟೆ ಇರೋದಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಮೇಜಿನ ಮೇಲೆ ಇನ್ನೂ ಹತ್ತಾರು ಪ್ರಶ್ನೆ ಬಿದ್ದಿದ್ದವು.

ಅವತ್ತು ಸಂಜೆ ನಿನಗೆ ಫೋನ್ ಮಾಡಿದೆ. ಏನು ಕೇಳಿದೆ ನೆನಪಿದೆಯಲ್ಲ? "ಆ ಎಮ್ಮೆಲ್ಯೆ ಹತ್ರ ನೀನೇನಾದ್ರೂ ಬಾಯಿ ಬಿಟ್ಟಿದ್ಯಾ?" ಎಂದೆ. ಮೊದಲ ಮಾತೇ ಅದು. ಮಕ್ಕಳು ಹೇಗಿವೆ ಎಂದು ಕೇಳಲಿಲ್ಲ. ನೀನು, "ಹೇಳಿದ್ರೆ ತಪ್ಪಾ ಅಮ್ಮಾ?" ಎಂದು ಇಟ್ಟುಬಿಟ್ಟೆ. ನೀನು ಹೇಳಿಲ್ಲವೆಂದು ನನಗೆ ಗೊತ್ತಿತ್ತು. ನನಗಿದ್ದ ಭಯ ಒಂದೇ. ಮಾರ್ಚಿಗೆ ನಿನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ಮುಂದುವರಿಸುವುದು ಬಿಡುವುದು ನಿಮ್ಮ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಕೈಯಲ್ಲಿದೆ. ಪರ್ಮನೆಂಟ್ ಆಗುವ ಪಟ್ಟಿಗೆ ಇನ್ನೊಂದು ವರ್ಷ ಸರ್ವಿಸ್ ಸಾಕು ಎಂದು ಬೆರಳು ಮಡಚಿ ಕಾಯುತ್ತಿದ್ದವಳು ನೀನೇ ತಾನೆ? ಯಾರೋ ಅನುಮಾನದಿಂದ ನಿನ್ನ ಕಡೆ ಬೊಟ್ಟು ಮಾಡಿದರೂ ಸಾಕು, ಎಲ್ಲ ಮುಗಿಯಿತು.

ಅದಕ್ಕೇ ನಾನೊಂದು ಜಾಣತನ ಮಾಡಿದೆ. ಸುಳ್ಳನ್ನು ಹಾಗೆಯೇ ಮೇಲಕ್ಕೆ ಕಳಿಸಲು ಮನಸ್ಸು ಒಪ್ಪಲಿಲ್ಲ, ನಿನ್ನ ಹೆಸರು ಬರುವುದೂ ಬೇಡವಾಗಿತ್ತು. ಮಂತ್ರಿ ಉತ್ತರ ಹೇಳಿದ ಮೇಲೆ ಎಮ್ಮೆಲ್ಯೆ ಇನ್ನೇನು ಕೆದಕಿ ಕೇಳಬಹುದು ಎಂದು ಮುಂಚೆಯೇ ಊಹಿಸಿ ಸಿದ್ಧ ಮಾಡಿಡುವುದೂ ನಮ್ಮ ಕೆಲಸವೇ. ಆ ನೆಪದಲ್ಲಿ ಬರೆದೆ: "ಪೂರಕ ಪ್ರಶ್ನೆ ಬರುವ ಸಂಭವವಿದೆ, ಫೋಟೋ ಸಾಲದು, ಜನರೇಟರ್ ಓಡುತ್ತಿರುವ ವಿಡಿಯೋ ಕಳುಹಿಸುವುದು." ಮಾಮೂಲಿ ಪತ್ರ, ಯಾರ ಮೇಲೂ ಅನುಮಾನ ಬರುವುದಿಲ್ಲ. ಓಡಿಸಲಾಗದೆ ಅವರೇ ನಿಜ ಒಪ್ಪಿಕೊಳ್ಳುತ್ತಾರೆ, ಕೋಲೂ ಮುರಿಯುವುದಿಲ್ಲ, ಹಾವೂ ಸಾಯುತ್ತದೆ ಎಂದುಕೊಂಡೆ. ಆ ವಿಡಿಯೋ ತೆಗೆಯುವ ಕೆಲಸವನ್ನು ನಿನಗೇ ಹೇಳುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನಿನ್ನೆ ಶನಿವಾರ ಬೆಳಿಗ್ಗೆ ಅದು ಬಂತು. ಸೂಪರಿಂಟೆಂಡೆಂಟ್ ಜಿಲ್ಲೆಗೆ, ಜಿಲ್ಲೆಯವರು ನನಗೆ ದಾಟಿಸಿದ್ದರು. ಸರ್ಕಾರದಲ್ಲಿ ಯಾರೂ ವಿಡಿಯೋವನ್ನು ಕೊನೆಯವರೆಗೆ ನೋಡುವುದಿಲ್ಲವೆಂದು ನಿನಗೆ ಯಾರು ಹೇಳಿದರೋ, ಬಹುಶಃ ನಾನೇ ಹೇಳಿರಬೇಕು. ಮೊದಲ ಅರ್ಧ ನಿಮಿಷ ನಿಮ್ಮ ಜನರೇಟರ್, ಹಿಂದೆ ಗುಡುಗುಡು ಸದ್ದು. ನನಗೇ ಆಶ್ಚರ್ಯವಾಯಿತು, ರಿಪೇರಿ ಮಾಡಿಸಿಬಿಟ್ಟರೇ ಎಂದು. ಆಮೇಲೆ ಚಿತ್ರ ನಿಧಾನವಾಗಿ ಗೋಡೆ ಸುತ್ತಿ ಹಿಂದಕ್ಕೆ ಹೋಯಿತು. ಅಲ್ಲಿ ಟ್ರಾಲಿ ಆಟೋದ ಮೇಲೆ, ಮದುವೆ ಮನೆಗೆ ತರುತ್ತಾರಲ್ಲ, ಅಂಥದೊಂದು ಬಾಡಿಗೆ ಜನರೇಟರ್ ಹೊಗೆ ಬಿಡುತ್ತಿತ್ತು. ಕೊನೆಗೆ ನೀನು ಫೋನನ್ನು ನಿನ್ನ ಮುಖಕ್ಕೇ ತಿರುಗಿಸಿದೆ. ಈ ಸದ್ದು ಬಾಡಿಗೆಯದ್ದು, ನಮ್ಮದು ದಸರಾದಿಂದ ಓಡಿಲ್ಲ ಎಂದು ತೆಲುಗಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. ಹೆಸರು ಹೇಳಿದೆ. ಕಾಂಟ್ರಾಕ್ಟ್ ಸ್ಟಾಫ್ ನರ್ಸ್ ಎಂದೂ ಹೇಳಿದೆ.

ಕಿವಿಗೆ ಇಯರ್‌ಫೋನ್ ಇದ್ದದ್ದಕ್ಕೆ ಬದುಕಿದೆ. ಅಕ್ಕಪಕ್ಕದ ಮೇಜಿನವರು ಟೀ ಕುಡಿಯುತ್ತಿದ್ದರು. ಎಷ್ಟು ಕೋಪ ಬಂತು ಗೊತ್ತೇನೇ ನಿನ್ನ ಮೇಲೆ? ಬೇಲಿ ಮೇಲೆ ಹೋಗುವ ಓತಿಕ್ಯಾತವನ್ನು ಮೈಮೇಲೆ ಬಿಟ್ಟುಕೊಂಡಳಲ್ಲ ಎಂದು ಹಲ್ಲು ಕಚ್ಚಿದೆ. ಅರ್ಧ ನಿಮಿಷದ ನಂತರದ್ದನ್ನು ಕತ್ತರಿಸಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವಿಡಿಯೋ ಕತ್ತರಿಸುವುದನ್ನು ನನಗೆ ಕಲಿಸಿದ್ದೂ ನೀನೇ. ಬೆರಳು ಅಲ್ಲಿಯವರೆಗೆ ಹೋಗಿಯೂ ಇತ್ತು. ಸುಳ್ಳು ಹೇಳುವುದಿಲ್ಲ, ಕತ್ತರಿಸಬೇಕು ಎಂದೇ ಹೋಗಿತ್ತು. ಇನ್ನೊಂದು ಸಲ ನಿನ್ನ ಮುಖ ನೋಡಿದೆ. ಕಣ್ಣ ಕೆಳಗೆ ಕಪ್ಪಾಗಿದೆ, ಸರಿಯಾಗಿ ನಿದ್ದೆ ಮಾಡುತ್ತಿಲ್ಲ ನೀನು. ಇದು ಯಾರ ಮೇಜಿಗೆ ಬರುತ್ತದೆ ಎಂದು ಗೊತ್ತಿದ್ದೇ ನೀನು ಹಾಗೆ ನೋಡಿದ್ದೆ. ಹೇಳಿದರೆ ತಪ್ಪಾ ಎಂದು ಕೇಳಿದವಳು ಉತ್ತರಕ್ಕಾಗಿ ಇನ್ನೂ ಕಾಯುತ್ತಿದ್ದೆ ಅನ್ನಿಸಿತು.

ಎದ್ದು ಹೋಗಿ ರಾಮ್‌ಪ್ರಸಾದ್ ಗಾರಿಗೆ ಪೂರ್ತಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಎವರಂಡಿ ಈ ಅಮ್ಮಾಯಿ?" ಎಂದರು. ಯಾರು ಈ ಹುಡುಗಿ? "ನಾ ಕೂತುರು ಸಾರ್" ಎಂದೆ. ನನ್ನ ಮಗಳು. ಅವರು, ಗೊತ್ತಿದ್ದೂ ಸದನಕ್ಕೆ ಸುಳ್ಳು ಹೇಳಿದರೆ ಹಕ್ಕುಚ್ಯುತಿಯಾಗುತ್ತದೆ ಮೇಡಂ, ಆದರೆ ಇದನ್ನು ನೋಡಿದವರು ನಾವಿಬ್ಬರೇ, ನೀವೇ ಹೇಳಿ ಎಂದರು. ನಾನು ಅವರ ಎದುರಿಗೇ ಕೂತು (ಅ)ದ ಎದುರಿಗಿದ್ದ "ಲೇದು" ಹೊಡೆದು ಹಾಕಿ "ಅವುನು" ಎಂದು ಬರೆದೆ. ಹೌದು. (ಆ)ಗೆ ದಸರಾದಿಂದ ಎಂದು ಬರೆದೆ. (ಇ)ಗೆ ಈ ತಿಂಗಳೊಳಗೆ ಹೊಸ ಜನರೇಟರ್ ಎಂದು ಬರೆದಾಗ ಅವರು, "ದೇವುಡಾ" ಎಂದರು, ಆದರೂ ಕಡತ ಹಿಡಿದು ತಾವೇ ಮೇಲಕ್ಕೆ ಹೋದರು. ಸಂಜೆಗೆ ಸಹಿಯಾಗಿ ಬಂತು.

ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಹಾಲು ಉಕ್ಕಿಸಿದೆ. ನಿನ್ನ ನಾನ್ನ "ಏಮಯಿಂದಿ ಚಿನ್ಮಯೀ?" ಎಂದು ಕೇಳಿದರೆ, ಅಧಿವೇಶನ, ಪ್ರತ್ಯೂಷಾ ಆಸ್ಪತ್ರೆಯ ಪ್ರಶ್ನೆಯೂ ಇದೆ, ಅಷ್ಟೇ ಎಂದೆ. ಸೂಪರಿಂಟೆಂಡೆಂಟ್ ನಿನ್ನನ್ನು ಕರೆಸಿದರೆ ಜಗಳಕ್ಕೆ ನಿಲ್ಲಬೇಡ. ಕೇಳಿದ್ದಕ್ಕಷ್ಟೇ ಉತ್ತರ ಹೇಳು. ಏನಾದರೂ ಬರೆದುಕೊಡು ಎಂದರೆ ನನಗೆ ಹೇಳದೆ ಸಹಿ ಹಾಕಬೇಡ. ಮಾರ್ಚಿಗೆ ಬೇಡವೆಂದರೆ ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಡು, ನನ್ನ ಪೆನ್ಷನ್ನಿಗೆ ಇನ್ನೂ ನಾಲ್ಕು ವರ್ಷವಿದೆ, ಮೂವರ ಹೊಟ್ಟೆ ತುಂಬುತ್ತದೆ. ಹೀಗೆ ಬರೆಯುವುದು ಸುಲಭ. ನೀನು ಆ ಕೆಲಸವನ್ನು ಎಷ್ಟು ಪ್ರೀತಿಸುತ್ತೀ ಎಂದು ನನಗೆ ಗೊತ್ತು.

ನಾಳೆ ಸದನದಲ್ಲಿ ಅಧಿಕಾರಿಗಳ ಗ್ಯಾಲರಿಯಲ್ಲಿ ನಾನೂ ಕೂರುತ್ತೇನೆ. ಎಮ್ಮೆಲ್ಯೆ ಪೂರಕ ಪ್ರಶ್ನೆ ಕೇಳಿ, ಮಂತ್ರಿಗೆ ಗೊತ್ತಿಲ್ಲದಿದ್ದರೆ, ನಾವು ಚೀಟಿಯಲ್ಲಿ ಬರೆದು ಮುಂದಕ್ಕೆ ಕಳಿಸಬೇಕು. ಜಿಲ್ಲೆಯವರು ಇಲ್ಲ ಅಂದದ್ದನ್ನು ಹೌದು ಎಂದು ತಿಳಿಸಿದವರು ಯಾರು ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆಗ ಬರೆಯಬೇಕಾದದ್ದು ಒಂದು ಹೆಸರು. ಇಪ್ಪತ್ತಾರು ವರ್ಷದ ಹಿಂದೆ ರಾಯದುರ್ಗದ ನಮ್ಮ ಮನೆಯಲ್ಲಿ ನಾಮಕರಣದ ದಿನ ಅಕ್ಕಿಯ ಮೇಲೆ ಉಂಗುರದಿಂದ ಅದನ್ನು ಮೊದಲ ಸಲ ಬರೆದವಳೂ ನಾನೇ. ನಾಳೆಯೂ ಓದಲು ಬರುವ ಹಾಗೆ ದುಂಡಗೆ ಬರೆಯುತ್ತೇನೆ. ನೀನು ಹೇಳಿದ್ದು ತಪ್ಪಲ್ಲ ಪುಟ್ಟೀ.

ಹೊಟ್ಟೆ ತುಂಬ ಉಣ್ಣು, ಫೋನ್ ಎತ್ತು. ನಿನ್ನ ವಾರ್ಡಿನ ಮಕ್ಕಳೆಲ್ಲ ಬೆಚ್ಚಗಿರಲಿ, ಅವರ ಜೊತೆ ನೀನೂ ನೂರು ಕಾಲ ಬಾಳು.

ಹೆದರಿಕೊಂಡೇ ಹರಸುವ,
ನಿನ್ನ ಅಮ್ಮ