ಬಲಗಡೆಯ ಟೈರ್

ಮಾರ್ಚ್ ೪, ಬೆಳಿಗ್ಗೆ ೭
ಹಿಂದಿನ ಎರಡೂ ಟೈರಿನ ಗಾಳಿ ಹದಿನಾಲ್ಕು ಪಿಎಸ್‌ಐಗೆ ಇಳಿಸಿದೆ. ಡ್ರ್ಯಾಗ್ ರೇಸಿಗೆ, ಆ ನೇರ ದಾರಿಯ ಓಟಕ್ಕೆ, ಗಾಳಿ ಕಡಿಮೆಯೇ ಇರಬೇಕು, ರಬ್ಬರ್ ಅಗಲವಾಗಿ ನೆಲ ಹಿಡಿಯುತ್ತದೆ. ಆದರೆ ಎರಡೂ ಸಮ ಇರಬೇಕು. ತಮ್ಮ ಓಡಿಸುತ್ತಾನೆ, ಟೈರ್ ನನ್ನ ಪಾಲು. ಒಂಬತ್ತು ವರ್ಷದಿಂದ ಹೀಗೇ. ಶೆಡ್ಡಿನಲ್ಲಿ ಕಾರು ಎತ್ತುವ ಲಿಫ್ಟ್ ಕೆಟ್ಟಿದ್ದರಿಂದ ಈ ವಾರ ಕಾರು ಕಿಟಕಿಯ ಪಕ್ಕ.
ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಈ ಸಲ ರೇಸಿಗೆ ಹೋಗ್ದಿದ್ರೆ ಏನಾಗುತ್ತೆ?" ನನ್ನನ್ನು ಕೇಳಿದ್ದೋ, ಗೋಡೆಯನ್ನೋ.

ಸಂಜೆ
ಬಲಗಡೆಯ ಟೈರಿಗೆ ಹಳೆಯ ಬೆಡ್‌ಶೀಟ್ ಹೊದಿಸಿದ್ದಾಳೆ. ಏನು ಮುಚ್ಚಿಡಲು? ಕಿತ್ತು ಮೂಲೆಗೆಸೆದೆ.

ಮಾರ್ಚ್ ೫, ಮಧ್ಯಾಹ್ನ ೧೨
ಬಲಗಡೆ ಹದಿನಾರು. ಎಡಗಡೆ ಹದಿನಾಲ್ಕೇ. ಗಾಳಿ ತಾನಾಗಿ ಸೋರಬಹುದು... ತಾನಾಗಿ ತುಂಬಿಕೊಳ್ಳುತ್ತದೆಯೇ? ಶೆಡ್ಡಿನ ಇನ್ನೊಂದು ಕೀ ಅವಳ ಹತ್ತಿರ. ಮುಟ್ಟದೆ ಬಿಟ್ಟೆ. ನೋಡೋಣ.

ಮಾರ್ಚ್ ೬, ಮಧ್ಯಾಹ್ನ ೧
ಬೆಳಿಗ್ಗೆ ಬಲಗಡೆ ಹದಿನಾಲ್ಕಿತ್ತು. ಈಗ ಮತ್ತೆ ಹದಿನಾರು. ನನ್ನನ್ನೇ ಆಟ ಆಡಿಸುತ್ತಿದ್ದಾಳೆ. ಮೈ ಉರಿಯಿತು.
ಹದಿನಾಲ್ಕಕ್ಕೆ ಇಳಿಸಿದೆ. ಎರಡೂ ವಾಲ್ವಿನ ಮುಚ್ಚಳಕ್ಕೆ ನೇಲ್ ಪಾಲಿಶ್ ಗೆರೆ ಎಳೆದು ಸೀಲ್ ಮಾಡಿದೆ. ಮುಟ್ಟಿದರೆ ಗೆರೆ ಒಡೆಯುತ್ತದೆ, ಸಿಕ್ಕಿಬೀಳುತ್ತಾಳೆ.
ಇದು ಅವಳದೇ ಕೆಲಸ ಎಂದು ತಮ್ಮನಿಗೂ ಹೇಳಿದೆ. "ಅಕ್ಕ, ನಿಂಗೆ ತಲೆ ಕೆಟ್ಟಿದೆ" ಎಂದು ನಕ್ಕ. ಆಮೇಲೆ ನಗಲಿಲ್ಲ.

ಮಾರ್ಚ್ ೭, ಬೆಳಿಗ್ಗೆ ೬
ಟ್ರ್ಯಾಕ್‌ನಲ್ಲಿದ್ದೇವೆ. ಮಂಜು. ಕೈ ಮರಗಟ್ಟುವ ಚಳಿ. ನಮ್ಮದೇ ಮೊದಲ ಓಟ. ಸೀಲ್ ಎರಡೂ ಭದ್ರ. ಗಾಳಿ ಅಳೆಯಲು ಗೇಜ್ ಹಾಕಬೇಕೆಂದರೆ ಸೀಲ್ ಒಡೆಯಬೇಕು. ಬೇಡ, ಸಾಕ್ಷಿಗೆ ಇರಲಿ.
ಅವಳೂ ಬಂದಿದ್ದಾಳೆ. ಮುಖ ಬಿಳಿಚಿಕೊಂಡಿದೆ. ಕಳ್ಳಿಯ ಮುಖ.

ಮಾರ್ಚ್ ೧೨
ಅವತ್ತು ಮೊದಲ ಓಟದಲ್ಲೇ ಕಾರು ಬಲಕ್ಕೆ ಎಳೆದು ತಡೆಗೋಡೆಗೆ ಬಡಿಯಿತು. ತಮ್ಮನ ಕಾಲು ಎರಡು ಕಡೆ ಮುರಿದಿದೆ. ಜೀವ ಉಳಿದದ್ದೇ ದೊಡ್ಡದು.
ಹೆಂಡತಿಯ ಮುಖ ನೋಡುವುದಿಲ್ಲ ಅವನು. "ನೀನು ಹೇಳಿದ್ದೇ ಸರಿ ಅಕ್ಕ. ಅವಳು ತವರಿಗೆ ಹೋಗ್ಲಿ." ನಾನು ಅವನ ಹೊದಿಕೆ ಸರಿಮಾಡಿದೆ. ಸೀಲ್ ಒಡೆದಿರಲಿಲ್ಲವಲ್ಲ... ಮತ್ತೆ ಹೇಗೆ?

ಮಾರ್ಚ್ ೧೩, ಮಧ್ಯಾಹ್ನ ೧೨
ಶೆಡ್ಡಿನ ಕೀ ಕೊಡಲು ಬಂದಳು. ಕೈಯಲ್ಲಿ ಬ್ಯಾಗು. ಬಲಗಡೆಯ ಟೈರ್ ನಿಂತಿದ್ದ ಜಾಗದಲ್ಲಿ ಕಿಟಕಿಯಷ್ಟೇ ಅಗಲದ ಬಿಸಿಲು.
ಬೆಡ್‌ಶೀಟ್ ಯಾಕೆ ಹೊದಿಸಿದ್ದು ಎಂದು ಕೇಳಿಯೇಬಿಟ್ಟೆ.
"ಬಿಸಿಲು ನೇರ ಟೈರ್ ಮೇಲೇ ಬೀಳ್ತಿತ್ತಲ್ಲ ಅಕ್ಕ. ಬಿಸಿ ಟೈರಲ್ಲಿ ಗಾಳಿ ಅಳೀಬಾರ್ದು ಅಂತ ನೀವೇ ಹೇಳ್ತಿದ್ರಿ."
ನಾನೇ ಹೇಳುತ್ತಿದ್ದೆ. ಬಿಸಿಗೆ ಎರಡು ಏರಿದ್ದನ್ನು ಕಳ್ಳತನವೆಂದುಕೊಂಡೆ. ಇಳಿಸಿ ಸೀಲ್ ಮಾಡಿದೆ. ಚಳಿಗೆ ಅದು ಹನ್ನೆರಡಾಗಿರಬೇಕು, ಎಡಗಡೆ ಹದಿನಾಲ್ಕೇ.
ಕೈ ಚಾಚಿ ಕೀ ತೆಗೆದುಕೊಂಡೆ. "ಬರ್ತೀನಿ ಅಕ್ಕ" ಎಂದು ಹೊರಟಳು. ಬೆಡ್‌ಶೀಟ್ ಇನ್ನೂ ಮೂಲೆಯಲ್ಲಿದೆ.
ಅವಳ ಬಸ್ಸು ಮೂರಕ್ಕೆ. ಆಸ್ಪತ್ರೆಗೆ ಹೋಗಿ ಈಗಲೇ ತಮ್ಮನಿಗೆ ಹೇಳಬೇಕು. ಆ ಟೈರ್ ಮುಟ್ಟಿದ್ದು ಅವಳಲ್ಲ ಕಣೋ, ನಾನೇ.