ನಿನ್ನ ಕೈಬರಹವಿಲ್ಲದ ಆರು ಪುಟ

ಮನೆಯಿಂದ, ಅಡುಗೆಮನೆಯ ಮೇಜು
ಹದಿನೇಳನೇ ತಾರೀಕು, ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಇನ್ಸ್‌ಪೆಕ್ಟರಮ್ಮನಿಗೆ,

ನಿನ್ನ ಮಂಡಿನೋವು ಹೇಗಿದೆ? ಸೊಂಟದ ಆಪರೇಷನ್ ಆಗಿರುವುದು ನಿನ್ನ ಅಕ್ಕನಿಗೆ, ಕುಂಟುತ್ತಿರುವುದು ನೀನು ಎಂದು ಮಗಳು ವರದಿ ಒಪ್ಪಿಸಿದ್ದಾಳೆ. ಮೆಟ್ಟಿಲು ಹತ್ತಿ ಇಳಿಯುವುದನ್ನು ಸ್ವಲ್ಪ ಕಡಿಮೆ ಮಾಡು. ಅಕ್ಕ ಕೋಲು ಹಿಡಿದು ಹತ್ತು ಹೆಜ್ಜೆ ಹಾಕಿದರಂತೆ, ಕೇಳಿ ಸಂತೋಷವಾಯಿತು. ನಾನು ಚೆನ್ನಾಗಿದ್ದೇನೆ. ನಾನೇ ಅಡುಗೆ ಮಾಡುತ್ತೇನೆ, ನಾನೇ ತಿನ್ನುತ್ತೇನೆ. ಎರಡಕ್ಕೂ ಧೈರ್ಯ ಬೇಕು. ಸಿಂಕಿನ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ಪ್ಲಂಬರ್ 'ನಾಳೆ ಬಂದ್ಬಿಡ್ತೀನಿ ಸಾರ್' ಎಂದು ಹೇಳಿ ಇವತ್ತಿಗೆ ಒಂಬತ್ತು ದಿನ. ಫೋನ್ ಇರುವಾಗ ಈ ಮನುಷ್ಯ ಕಾಗದ ಏಕೆ ಬರೆಯುತ್ತಿದ್ದಾನೆ ಎಂದು ಹುಬ್ಬೇರಿಸಬೇಡ. ಅಕ್ಕನ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಇದು ಅಕ್ಕನ ಕಿವಿಗೆ ಬೀಳುವ ವಿಷಯವಲ್ಲ. ಬಿದ್ದರೆ ನಿನ್ನ ಭಾವನ ಕಿವಿಗೂ ಬೀಳುತ್ತದೆ, ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ.

ವಿಷಯ ನಮ್ಮ ಬಸವನಹುಳುಗಳದ್ದು. ನಗಬೇಡ. ಮೂವತ್ತಾರು ವರ್ಷದ ಹಿಂದೆ ಹಿಂಬದಿಯ ವರಾಂಡದ ತಗಡಿನ ತೊಟ್ಟಿಯಲ್ಲಿ ನಲವತ್ತು ಮರಿಗಳನ್ನು ಸಾಕಿ, ಅವುಗಳ ಚಿಪ್ಪು ಎಷ್ಟು ಬೆಳೆಯಿತೆಂದು ಮೂರು ದಿನಕ್ಕೊಮ್ಮೆ ಅಳೆದು, ನಾನೊಂದು ಸಂಶೋಧನಾ ಪ್ರಬಂಧ ಬರೆದೆನಲ್ಲ, ಅದು ಎದ್ದು ಕೂತಿದೆ. ಅದನ್ನು ಅಚ್ಚು ಹಾಕಿದ ಪತ್ರಿಕೆಯ ಸಹಾಯಕ ಸಂಪಾದಕಿ ಕಳೆದ ತಿಂಗಳು ನನಗೊಂದು ಪತ್ರ ಬರೆದಳು. ಎಲ್ಲೋ ದೂರದ ವಿದ್ಯಾರ್ಥಿನಿಯೊಬ್ಬಳು ನನ್ನ ಪ್ರಬಂಧವನ್ನು ನಂಬಿ ತಾನೂ ಹುಳು ಸಾಕಿದ್ದಾಳೆ. ಮಳೆಯಿಲ್ಲದ ಬಿಸಿಲಿನ ವಾರಗಳಲ್ಲಿ ಅವಳ ಹುಳುಗಳ ಬೆಳವಣಿಗೆ ನಿಂತೇ ಹೋಯಿತಂತೆ. ನನ್ನವು ಮಾತ್ರ ಅಂಥದ್ದೇ ಬಿಸಿಲಿನಲ್ಲಿ, ಹದಿನೆಂಟು ದಿನ, ಗೆರೆ ಎಳೆದ ಹಾಗೆ ಒಂದೇ ಸಮ ಬೆಳೆದಿವೆ. ಹೇಗೆ ಸಾಧ್ಯವಾಯಿತು, ಮೂಲ ಅಳತೆಗಳನ್ನು ನೋಡಬಹುದೇ ಎಂದು ಸಂಪಾದಕಿ ಕೇಳಿದ್ದಾಳೆ. ಒಣ ಹವೆಯಲ್ಲೂ ಬೆಳವಣಿಗೆ ನಿಲ್ಲುವುದಿಲ್ಲ ಎಂಬುದೇ ನನ್ನ ಪ್ರಬಂಧದ ಜೀವಾಳ ಎಂದು ನಿನಗೆ ನೆನಪಿರಬಹುದು. ಅದೊಂದು ವಾಕ್ಯದಿಂದ ನನಗೆ ಬಡ್ತಿ ಸಿಕ್ಕಿತು.

ಮೊದಲು ಉಬ್ಬಿಹೋದೆ, ಸುಳ್ಳು ಹೇಳುವುದಿಲ್ಲ. ನನ್ನ ಪ್ರಬಂಧವನ್ನು ಇನ್ನೂ ಓದುವವರಿದ್ದಾರಲ್ಲ! ಏಣಿ ಹಾಕಿ ಅಟ್ಟದಿಂದ ಟ್ರಂಕು ಇಳಿಸಿದೆ. (ಏಣಿಯನ್ನು ಪಕ್ಕದ ಮನೆಯ ದರ್ಜಿ ಹಿಡಿದುಕೊಂಡಿದ್ದರು, ಬೈಯಬೇಡ.) ನೀಲಿ ರಟ್ಟಿನ ಆ ದಪ್ಪ ನೋಟ್‌ಬುಕ್ಕು ಸಿಕ್ಕಿತು. ಹದಿನಾಲ್ಕು ತಿಂಗಳು, ನೂರ ನಲವತ್ತೆರಡು ಪುಟ, ಒಂದೊಂದು ಅಳತೆಯ ದಿನಕ್ಕೆ ಒಂದೊಂದು ಪುಟ. ತಿರುವುತ್ತಾ ಹೋದ ಹಾಗೆ ನನಗೆ ಮೈ ಬೆಚ್ಚಗಾಯಿತು, ಏಕೆಂದರೆ ಪುಟದ ಮೇಲೆ ಪುಟ ನಿನ್ನದೇ ಅಕ್ಷರ. ಬಾಲ ಬಿಡುವ ನಿನ್ನ ಒಂಬತ್ತು, ಹೊಟ್ಟೆ ಸೀಳಿದ ನಿನ್ನ ಏಳು. ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿರುತ್ತಿದ್ದೆ, ನೀನು ಒಲೆಯ ಮೇಲೆ ಹಾಲಿಟ್ಟು ಚಿಪ್ಪು ಅಳೆಯುವ ಕ್ಯಾಲಿಪರ್ ಹಿಡಿದು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದೆ. 'ರೀ, ಹದಿನೇಳನೇ ನಂಬರ್ ಮತ್ತೆ ಬಚ್ಚಲಿಗೆ ಹೋಗಿದೆ, ಹಿಡ್ಕೊಂಡು ಬನ್ನಿ' ಎಂದು ಕೂಗುತ್ತಿದ್ದೆ. ಚಿಪ್ಪಿನ ಮೇಲೆ ನಂಬರ್ ಬರೆದದ್ದು ನಿನ್ನ ನೇಲ್ ಪಾಲಿಶ್‌ನಿಂದ. ಪ್ರಬಂಧದಲ್ಲಿ ಅದನ್ನೇ ನಾನು 'ಬೇಗ ಒಣಗುವ ಕೆಂಪು ಅರಗು' ಎಂದು ಗಂಭೀರವಾಗಿ ಬರೆದಿದ್ದೇನೆ. ಹುಳು ಸತ್ತರೆ ನೀನು ನೋಟ್‌ಬುಕ್ಕಿನಲ್ಲಿ ಅದರ ನಂಬರಿನ ಪಕ್ಕ ಅದೇ ಬಾಟಲಿಯಿಂದ ಒಂದು ಚುಕ್ಕೆ ಇಡುತ್ತಿದ್ದೆ. 'ಚುಕ್ಕೆ ಇಟ್ಟಿದ್ದನ್ನ ಲೆಕ್ಕಕ್ಕೆ ಹಿಡೀಬೇಡಿ' ಎಂಬುದು ನಿನ್ನ ಕಾನೂನು. ನಿನಗೆ ಇನ್ಸ್‌ಪೆಕ್ಟರಮ್ಮ ಎಂದು ಹೆಸರಿಟ್ಟದ್ದೇ ಆಗ.

ಇಷ್ಟೆಲ್ಲ ಮಾಡಿದವಳ ಹೆಸರು ಪ್ರಬಂಧದಲ್ಲಿ ಎಲ್ಲಿದೆ ಎಂದು ಹುಡುಕಿದೆ. ಕೊನೆಯ ಪುಟದಲ್ಲಿ, ತೊಟ್ಟಿ ಕೊಟ್ಟ ಅಂಗಡಿಯವನ ಕೆಳಗೆ, 'ಮನೆಯವರ ತಾಳ್ಮೆಗೆ ವಂದನೆಗಳು' ಎಂದಿದೆ. ತಾಳ್ಮೆ! ನೂರಾರು ದಿನ ಕೆಲಸ ಮಾಡಿದವಳಿಗೆ ತಾಳ್ಮೆಯ ಸರ್ಟಿಫಿಕೇಟು. ಅದೇ ಕಾಲದಲ್ಲಿ ನಾನು ನಮ್ಮ ವಿಭಾಗದ ಮುಖ್ಯಸ್ಥರನ್ನು ಮನೆಗೆ ಬಂದು ಬೈಯುತ್ತಿದ್ದೆ, ನೆನಪಿದೆಯೇ? ಯಾರು ಏನೇ ಬರೆದರೂ ತಮ್ಮ ಹೆಸರು ಸೇರಿಸಬೇಕು ಎನ್ನುತ್ತಿದ್ದರು. ಮಾಡದವರ ಹೆಸರು ಸೇರಿಸುವುದು ಕಳ್ಳತನ ಎಂದು ನಾನು ಭಾಷಣ ಬಿಗಿಯುವಾಗ ನೀನು ತೊಟ್ಟಿ ತೊಳೆಯುತ್ತಿದ್ದೆ.

ಹಾಗಾಗಿ ಸಹಾಯಕ ಸಂಪಾದಕಿಗೆ ಪತ್ರ ಬರೆದೆ: ಮೊದಲು ನನ್ನ ಹೆಂಡತಿಯ ಹೆಸರು ಸೇರಿಸಿ, ಉಳಿದದ್ದು ಆಮೇಲೆ. ಅವಳ ಉತ್ತರ ಬಂದಾಗ ನನ್ನ ಕುತೂಹಲ ಕೆರಳಿತು. ಈ ಪತ್ರಿಕೆಗಳ ಹೊಟ್ಟೆಯೊಳಗೆ ಇಂಥದ್ದೊಂದು ಯಂತ್ರವಿದೆ ಎಂದು ಇಷ್ಟು ವರ್ಷ ಪಾಠ ಹೇಳಿದ ನನಗೇ ಗೊತ್ತಿರಲಿಲ್ಲ! ಒಬ್ಬರ ಒಪ್ಪಿಗೆಯಿಲ್ಲದೆ ಅವರ ಹೆಸರು ಹಾಕುವಂತಿಲ್ಲವಂತೆ. ಗಂಡ ಹೇಳಿದರೆ ಸಾಲದು, ನೀನೇ ಸಹಿ ಮಾಡಬೇಕು. ಅನುಮಾನ ಬಂದಿರುವ ಪ್ರಬಂಧಕ್ಕೆ ಅದು ಬಗೆಹರಿಯುವ ತನಕ ಯಾರನ್ನೂ ಸೇರಿಸುವುದಿಲ್ಲ, ತೆಗೆಯುವುದೂ ಇಲ್ಲ. ಸಣ್ಣ ತಪ್ಪಾದರೆ ತಿದ್ದುಪಡಿ ಅಚ್ಚು ಹಾಕುತ್ತಾರೆ. ಬುಡವೇ ಅಲುಗಾಡಿದರೆ ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತಾರೆ, ಆದರೆ ಹರಿದು ಎಸೆಯುವುದಿಲ್ಲ. ಪ್ರತಿ ಪುಟದ ಮೇಲೂ 'ಹಿಂತೆಗೆದುಕೊಳ್ಳಲಾಗಿದೆ' ಎಂದು ಅಡ್ಡಡ್ಡ ಬರೆದು, ಏಕೆಂದು ಕಾರಣ ಕೊಟ್ಟು, ಎಲ್ಲರೂ ಓದುವ ಹಾಗೆ ಅಲ್ಲೇ ಇಡುತ್ತಾರೆ. ಈ ಏರ್ಪಾಟು ನನಗೆ ತುಂಬಾ ಹಿಡಿಸಿತು, ನನ್ನದೇ ಪ್ರಬಂಧ ಎಂಬುದು ನೆನಪಾಗುವ ತನಕ. ಈ ಸಂಪಾದಕಿ ಹುಡುಗಿ ಮರ್ಯಾದಸ್ಥೆ. 'ಪ್ರಶ್ನೆ ಕೇಳುವುದು ನಮ್ಮ ಕೆಲಸ, ಅದನ್ನು ಆರೋಪ ಎಂದು ತಿಳಿಯಬೇಡಿ' ಎಂದು ಬರೆದು ಐದು ಪ್ರಶ್ನೆ ಕಳಿಸಿದ್ದಾಳೆ. ತಿಂಗಳ ಕೊನೆಯೊಳಗೆ ಉತ್ತರಿಸಬೇಕು. ನಾಲ್ಕನೆಯ ಪ್ರಶ್ನೆ: ಆ ಹದಿನೆಂಟು ದಿನಗಳ ಅಳತೆ ತೆಗೆದವರು ಯಾರು?

ಅದಕ್ಕೆ ಉತ್ತರ ನೋಟ್‌ಬುಕ್ಕಿನಲ್ಲೇ ಇದೆ. ನೂರ ಮೂವತ್ತಾರು ಪುಟ ನಿನ್ನವು, ಆರು ಪುಟ ಮಾತ್ರ ನನ್ನವು. ಮಗಳು ದಿನ ತುಂಬುವ ಮೊದಲೇ ಹುಟ್ಟಿದಳಲ್ಲ, ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು, ನೀನು ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದೆ. ನಾನು ಆಸ್ಪತ್ರೆ, ಕಾಲೇಜು, ಮನೆ ಎಂದು ಸುತ್ತುತ್ತಿದ್ದೆ. ಒಂದು ದಿನವೂ ಅಳೆಯಲಿಲ್ಲ. ನೀನು ಮನೆಗೆ ಬರುವ ಹಿಂದಿನ ಸಂಜೆ ತೊಟ್ಟಿಗೆ ಇಣುಕಿದೆ. ಹುಳುಗಳೆಲ್ಲ ಚಿಪ್ಪಿನ ಬಾಯಿ ಮುಚ್ಚಿಕೊಂಡು ತಗಡಿಗೆ ಅಂಟಿ ಕೂತಿದ್ದವು. ಒಂದೂ ಬೆಳೆದಿರಲಿಲ್ಲ. ಗಾಬರಿಯಲ್ಲಿ ನೀರು ಚಿಮುಕಿಸಿ ಎಬ್ಬಿಸಿದೆ. ಆಮೇಲೆ ಈ ಮೇಜಿನ ಮುಂದೆಯೇ ಕೂತು, ಹಿಂದಿನ ಅಳತೆಗೂ ಮುಂದೆ ಇರಬೇಕಾದ ಅಳತೆಗೂ ಮಧ್ಯೆ ಗೆರೆ ಎಳೆದು ಆರು ಪುಟ ತುಂಬಿಸಿದೆ. ಕಣ್ಣಿಗೆ ಕಂಡದ್ದನ್ನೇ ಬರೆದಿದ್ದರೆ ಆ ವಿದ್ಯಾರ್ಥಿನಿ ಈಗ ಕಂಡುಹಿಡಿದದ್ದನ್ನು ನಾವು ಆಗಲೇ ಕಂಡುಹಿಡಿದಿರುತ್ತಿದ್ದೆವು. ಮರುದಿನ ನೀನು ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟುತ್ತಲೇ ಕೇಳಿದೆ, 'ಹುಳ ಅಳೆದ್ರಾ?' ನಾನು 'ಹ್ಞೂಂ, ಅಳೆದೆ' ಎಂದೆ. ನಿನ್ನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಪತ್ರಿಕೆಗೆ ಹೇಳಿದ ಸುಳ್ಳಿಗಿಂತ ಆ ಸುಳ್ಳು ನನ್ನನ್ನು ಈಗ ಹೆಚ್ಚು ಚುಚ್ಚುತ್ತಿದೆ. ನನ್ನನ್ನು ಕ್ಷಮಿಸು.

ಆದ್ದರಿಂದ ಪ್ರಬಂಧ ಉಳಿಯುವುದಿಲ್ಲ. ನಾನೇ ಹಿಂತೆಗೆದುಕೊಳ್ಳಿ ಎಂದು ಬರೆದಿದ್ದೇನೆ. ಅದರ ಪ್ರತಿ ಇದರ ಜೊತೆ ಇದೆ. ನೀನು ಓದುವ ಮೊದಲು ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಸಹಾಯಕ ಸಂಪಾದಕಿಯನ್ನು ಇನ್ನೊಂದು ಮಾತು ಕೇಳಿ ತಿಳಿದುಕೊಂಡಿದ್ದೇನೆ. ಒಳ್ಳೆಯ ಅಳತೆಗಳು ಹಾಳಾಗಬೇಕಿಲ್ಲ. ನಿನ್ನ ನೂರ ಮೂವತ್ತಾರು ಪುಟಗಳನ್ನು ಹೊಸದಾಗಿ ಕಳಿಸಬಹುದು, ಪರಿಶೀಲಕರು ನೋಡುತ್ತಾರೆ, ಅಳೆದವಳ ಹೆಸರು ಮೊದಲು ಬರುತ್ತದೆ. ಆದರೆ ಇದೆಲ್ಲ ಹಳೆಯ ಕಥೆಯ ಜೊತೆಗೇ ಅಂಟಿಕೊಂಡು ಬರುತ್ತದೆ. ನಿನ್ನ ಹೆಸರು ಮೊದಲ ಸಲ ಅಚ್ಚಾಗುವುದು ನನ್ನ ತಪ್ಪಿನ ಪಕ್ಕದಲ್ಲಿ. ಬೇಡ ಎಂದರೆ ಬೇಡ. ಬೇಕೆಂದರೆ, ಇದರ ಜೊತೆಗೇ ಇಟ್ಟಿರುವ ಒಪ್ಪಿಗೆಯ ಅರ್ಜಿಯಲ್ಲಿ ಪೆನ್ಸಿಲ್ ಗುರುತು ಹಾಕಿದ ಜಾಗದಲ್ಲಿ ಸಹಿ, ಅಷ್ಟೇ. ಯೋಚಿಸು, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವಾಗ ಯೋಚಿಸು.

ಅಕ್ಕನಿಗೂ ನಿನ್ನ ಭಾವನಿಗೂ ನಮಸ್ಕಾರ ತಿಳಿಸು, ವಿಷಯ ಮಾತ್ರ ತಿಳಿಸಬೇಡ. ಬೇಗ ಬಾ ಎನ್ನುವುದಿಲ್ಲ, ಅಕ್ಕ ಸರಿಹೋಗಲಿ. ನೀನಿಲ್ಲದೆ ಈ ಮನೆಯಲ್ಲಿ ನನ್ನನ್ನು ಪ್ರಶ್ನೆ ಕೇಳುವವರಿಲ್ಲ.

ಇಂತಿ, ನಿನ್ನ
ತೊಟ್ಟಿ ಮೇಷ್ಟ್ರು

ಮರುಬರಹ: ಲಕೋಟೆಗೆ ಗೋಂದು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಆ ಆರು ಪುಟ ನೋಡಲು ಮನಸ್ಸಾಗದೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಟ್ಟಿದ್ದೆ. ತಾರೀಕುಗಳನ್ನು ಬರೆದುಕೊಳ್ಳಬೇಕಿತ್ತು, ಈಗ ತೆಗೆದೆ. ಆರೂ ಪುಟಗಳ ಮೇಲ್ಗಡೆ, ಮೂಲೆಯಲ್ಲಿ, ಒಂದೊಂದು ಕೆಂಪು ಚುಕ್ಕೆ ಇದೆ. ನಿನ್ನ ನೇಲ್ ಪಾಲಿಶ್. ಉಗುರಿನಿಂದ ಕೆರೆದು ನೋಡಿದೆ, ಅದೇ. ಹಾಗಾದರೆ ನಿನಗೆ ಆಗಲೇ ಗೊತ್ತಿತ್ತು. ಲೆಕ್ಕಕ್ಕೆ ಹಿಡಿಯಬೇಡಿ ಎಂದು ನಿನ್ನ ರೀತಿಯಲ್ಲಿ ಹೇಳಿಯೂ ಇದ್ದೆ. ಪ್ರಬಂಧ ಬರೆಯುವಾಗ ನಾನು ಈ ಚುಕ್ಕೆಗಳನ್ನು ನೋಡಲಿಲ್ಲವೋ, ನೋಡಿಯೂ ಅಂಕಿಗಳನ್ನು ಸೇರಿಸಿದೆನೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಐದನೆಯ ಪ್ರಶ್ನೆ ಅದೇ: ತಿಳಿದೂ ಮಾಡಿದಿರಾ? ಜೊತೆಗಿಟ್ಟಿರುವ ಉತ್ತರದ ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ. ನಿನಗೆ ನೆನಪಿದ್ದರೆ ಅಲ್ಲಿ ನೀನೇ ಬರೆ. ಏನು ಬರೆದರೂ ಅದರ ಕೆಳಗೆ ಸಹಿ ಹಾಕುತ್ತೇನೆ.