ತೆರೆದೇ ಇರುವ ಖಾಲಿ ಅಂಗಡಿಗೆ ಬೀಗ ಹಾಕಿಸಿ

ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ಕಾಯುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಬೀದಿಯಲ್ಲಿ ಒಂದು ಅಂಗಡಿ ಸತ್ತಿದೆ. ಅದನ್ನು ಮಣ್ಣು ಮಾಡಲು ನೀವು ಬಿಡುತ್ತಿಲ್ಲ. ದಿನಾ ಬೆಳಿಗ್ಗೆ ಅದರ ದೀಪಗಳು ತಾವಾಗಿಯೇ ಹತ್ತಿಕೊಳ್ಳುತ್ತವೆ, ಸಂಗೀತ ಶುರುವಾಗುತ್ತದೆ, ಎದುರಿಗೆ ಯಾರಾದರೂ ಹೋದರೆ ಗಾಜಿನ ಬಾಗಿಲು ಎರಡೂ ಕಡೆ ಸರಿದು ಬಾಯಿ ತೆರೆಯುತ್ತದೆ. ಒಳಗೆ ಒಂದು ಬೆಂಕಿಪೊಟ್ಟಣವೂ ಇಲ್ಲ. ಆ ಖಾಲಿ ಅಂಗಡಿಗೆ ನನ್ನ ಅಕ್ಕ ದಿನಾ ಚೀಲ ಹಿಡಿದು ಹೋಗಿ ಸಾಮಾನು ಕೊಂಡು ಬರುತ್ತಾಳೆ. ಇಲ್ಲದ ಸಾಮಾನು. ಅದನ್ನೇ ತಿಂದುಕೊಂಡು ದಿನದಿಂದ ದಿನಕ್ಕೆ ಸವೆಯುತ್ತಿದ್ದಾಳೆ. ಆ ಬಾಗಿಲಿಗೆ ಬೀಗ ಹಾಕಿಸಿ. ನನ್ನ ಅಹವಾಲು ಇಷ್ಟೇ. ಪುರುಸೊತ್ತು ಇಲ್ಲದವರು ಇಲ್ಲಿಗೇ ಓದು ನಿಲ್ಲಿಸಿ ಬೀಗ ಹುಡುಕಲು ಹೊರಡಬಹುದು. ಪುರುಸೊತ್ತು ಇರುವವರಿಗೆ ಮುಂದಿನದನ್ನು ಬರೆದಿದ್ದೇನೆ.

ನಾನು ಕ್ಷೌರಿಕ. ಆ ಅಂಗಡಿಯ ಎದುರಿಗೇ ನನ್ನ ಅಂಗಡಿ. ಗಿರಾಕಿಗಳು ನನ್ನನ್ನು ಕೆಂಡ ಎಂದು ಕರೆಯುತ್ತಾರೆ, ಬೆನ್ನ ಹಿಂದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಆದ್ದರಿಂದ ಈ ಅಂಗಡಿಯ ಬಗ್ಗೆ ನೀವು ಹೊರಡಿಸಿದ ಆದೇಶದ ಭಾಷೆ ನನ್ನ ಗಂಟಲಲ್ಲಿ ಇಳಿಯಲಿಲ್ಲ. ತಲೆ ಕೊಟ್ಟು ಕುಳಿತ ವಕೀಲರೊಬ್ಬರಿಂದ ಅದನ್ನು ಬಿಡಿಸಿ ಹೇಳಿಸಿಕೊಂಡೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನನ್ನ ಪಾಡು ಹೇಗಿದೆಯೆಂದರೆ, ನನ್ನ ಹುಣ್ಣು ಕಾಣುವುದೇ ಕನ್ನಡಿಯಲ್ಲಿ. ಯಾರ ತಲೆಯನ್ನು ನೇರ ಮಾಡಿ ಕನ್ನಡಿ ನೋಡಿದರೂ ಅವರ ಕಿವಿಯ ಪಕ್ಕದಲ್ಲಿ ಆ ಅಂಗಡಿ, ಅದರ ಬಿಳಿ ಬೆಳಕು, ಖಾಲಿ ಕಪಾಟುಗಳ ಸಾಲು. ಬೆನ್ನು ತಿರುಗಿಸಿ ಕೆಲಸ ಮಾಡುವ ನನಗೂ ಅದರಿಂದ ಬಿಡುಗಡೆ ಇಲ್ಲ.

ಮೊದಲು ಅದು ಹಳದಿ ಬೋರ್ಡಿನವರದಾಗಿತ್ತು. ಮುಖ್ಯರಸ್ತೆಯಲ್ಲಿ ಹಸಿರು ಬೋರ್ಡಿನವರದು. ಎರಡೂ ನಮ್ಮ ಭಾಗದವೇ, ಊರೂರಿಗೆ ಒಂದೊಂದು ಮಳಿಗೆ ಇಟ್ಟ ದೊಡ್ಡ ಕುಳಗಳು. ಇಬ್ಬರೂ ಜಿದ್ದಿಗೆ ಬಿದ್ದು ಬೆಲೆ ಇಳಿಸಿದರು. ಸೋಪಿಗೆ ಸೋಪು ಬಿಟ್ಟಿ, ಹಿಟ್ಟಿಗೆ ಡಬ್ಬಿ ಬಿಟ್ಟಿ. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮಿತ್ತು ಎಂಬ ಮಾತು ಆಗ ನಮಗಾರಿಗೂ ನೆನಪಾಗಲಿಲ್ಲ, ಬಿಟ್ಟಿ ಡಬ್ಬಿ ಕೈಯಲ್ಲಿತ್ತಲ್ಲ. ಆಮೇಲೆ ಹಸಿರು ಕೋಣ ಹಳದಿ ಕೋಣವನ್ನು ದುಡ್ಡು ಕೊಟ್ಟು ಕೊಂಡು ನುಂಗಿತು. ಕೋಣ ಕೋಣವನ್ನು ನುಂಗಬಹುದೇ ಎಂದು ನೋಡಬೇಕಾದವರು ನೀವು. ನೀವು ನೋಡಿದಿರಿ, ನುಂಗಬಹುದು ಎಂದಿರಿ. ಒಂದು ಷರತ್ತು ಹಾಕಿದಿರಿ: ಮೂರು ವರ್ಷ ಯಾವ ಹಳದಿ ಮಳಿಗೆಯನ್ನೂ ಮುಚ್ಚಬಾರದು, ಜನರಿಗೆ ತೊಂದರೆಯಾಗಬಾರದು. ಜನರ ಮೇಲೆ ಎಂಥ ಕಾಳಜಿ! ಓದಿ ಹೇಳುವಾಗ ವಕೀಲರ ಮುಖದಲ್ಲೇ ನಗು ಬಂತು.

ಹಸಿರಿನವರು ನಿಮ್ಮ ಷರತ್ತನ್ನು ಅಕ್ಷರಶಃ ಪಾಲಿಸಿದರು. ಸಾಮಾನೆಲ್ಲ ಲಾರಿಗೆ ತುಂಬಿಸಿ ಹೆದ್ದಾರಿಯಾಚೆಯ ತಮ್ಮ ದೊಡ್ಡ ಮಳಿಗೆಗೆ ಸಾಗಿಸಿದರು. ಕೆಲಸದವರನ್ನು ಮನೆಗೆ ಕಳಿಸಿದರು. ಅಂಗಡಿಯನ್ನು ಮಾತ್ರ ಮುಚ್ಚಲಿಲ್ಲ. ದೀಪ ಇದೆ, ಬೋರ್ಡು ಇದೆ, ಬಾಗಿಲು ತೆರೆಯುತ್ತದೆ, ಕಾವಲಿಗೆ ಒಬ್ಬ ಮನುಷ್ಯ ಇದ್ದಾನೆ. ಇನ್ನೇನು ಬೇಕು? ಬಾಡಿಗೆ ಕಟ್ಟಿಕೊಂಡು ಖಾಲಿ ಅಂಗಡಿ ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ನನ್ನಂಥ ದಡ್ಡನಿಗೆ ಮೊದಲು ಹೊಳೆಯಲಿಲ್ಲ. ಅವರು ಬಿಟ್ಟರೆ ಅಲ್ಲಿ ಮೂರನೆಯವರು, ಕೆಂಪು ಬೋರ್ಡಿನವರು, ಬಂದು ಕೂರುತ್ತಾರೆ. ಜಾಗ ನೋಡಿಕೊಂಡು ಹೋಗಿಯೂ ಇದ್ದರು. ತಾನೂ ತಿನ್ನ, ತಿನ್ನುವವರಿಗೂ ಬಿಡ ಎಂಬ ಜಾತಿ. ಪೈಪೋಟಿ ಉಳಿಯಲೆಂದು ನೀವು ಹಾಕಿದ ಷರತ್ತೇ ಪೈಪೋಟಿಯ ಕುತ್ತಿಗೆಗೆ ಹಗ್ಗವಾಯಿತು. ಇದು ನಿಮಗೆ ತಿಳಿಯದೆ ಆಯಿತೆಂದರೆ ಬೇಸರ, ತಿಳಿದೇ ಆಯಿತೆಂದರೆ ಏನು ಹೇಳಲಿ? ಇದು ಪತ್ರಿಕೆಯಲ್ಲಿ ಅಚ್ಚಾಗುವ ಪತ್ರ, ನನ್ನ ಬಾಯಿಯ ಮಾತು ಇಲ್ಲಿ ಬೇಡ.

ಈಗ ಅಕ್ಕನ ವಿಷಯ. ನನಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಬೇಗ ಹೋದ ಮೇಲೆ ನನ್ನನ್ನು ಎತ್ತಿ ಬೆಳೆಸಿದವಳು, ಅವಳ ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ನನ್ನ ಅಂಗಡಿಯ ಮೇಲಿನ ಎರಡು ಕೋಣೆಯೇ ನಮ್ಮ ಮನೆ. ಹಳದಿ ಅಂಗಡಿಯಲ್ಲಿ ಮೂರನೇ ಕೌಂಟರಿಗೆ ‘ನಿಧಾನದ ಕೌಂಟರ್’ ಎಂದು ಹೆಸರಿತ್ತು. ಅವಸರ ಇಲ್ಲದವರು, ಮಾತಾಡುವವರು ಅಲ್ಲಿ ನಿಲ್ಲಬೇಕು. ಹಿಂದಿನವರು ಗೊಣಗುವ ಹಾಗಿಲ್ಲ. ಅಲ್ಲಿ ಕೂರುತ್ತಿದ್ದ ಹುಡುಗಿ ಬಿಲ್ಲು ಮಾಡುತ್ತಲೇ ಮಂಡಿನೋವಿನಿಂದ ಹಿಡಿದು ಸೊಸೆಯ ಕಾಟದವರೆಗೆ ಎಲ್ಲ ಕೇಳುತ್ತಿದ್ದಳು. ಅಕ್ಕ ವಾರದ ಸಾಮಾನನ್ನು ಬೇಕೆಂದೇ ಏಳು ದಿನಕ್ಕೆ ಹಂಚಿಕೊಂಡಿದ್ದಳು. ಒಂದು ದಿನ ಹಾಲು, ಒಂದು ದಿನ ಬ್ರೆಡ್ಡು.

“ಒಂದೇ ಸಲ ತಂದ್ರೆ ನಿನ್ನ ಗಂಟೇನು ಹೋಗುತ್ತಕ್ಕಾ?” ಎಂದು ನಾನು ರೇಗಿದರೆ, “ಒಂದೇ ಸಲ ಮಾತಾಡಿ ಮುಗಿಸೋಕೆ ನಾನೇನು ನಿನ್ನ ಹಾಗೆ ಪಟಾಕಿನೇನೋ?” ಎನ್ನುತ್ತಿದ್ದಳು.

ಆಮೇಲೆ ಅವಳಿಗೆ ಮರೆವು ಹತ್ತಿತು. ಮೊದಲು ಕನ್ನಡಕ, ಆಮೇಲೆ ನಾಯಿ ಸಾಕಿದ್ದ ಹಳೆಯ ಮನೆ, ಆಮೇಲೆ ಗಂಡ ಸತ್ತದ್ದು. ಅಂಗಡಿಯ ದಾರಿ ಮಾತ್ರ ಮರೆಯಲಿಲ್ಲ. ಸಾಮಾನು ಸಾಗಿಸಿದ ಮಾರನೆಯ ದಿನ ಅವಳು ಎಂದಿನಂತೆ ಬೀದಿ ದಾಟಿದ್ದನ್ನು ಕನ್ನಡಿಯಲ್ಲಿ ನೋಡಿದೆ. ಬಾಗಿಲು ಸರಿಯಿತು, ಒಳಗೆ ಹೋದಳು. ಖಾಲಿ ಕಪಾಟಿನ ಮುಂದೆ ನಿಂತು ಕೈ ಚಾಚಿದಳು, ಏನನ್ನೋ ಎತ್ತಿಕೊಂಡಳು, ತಿರುಗಿಸಿ ತಾರೀಕು ನೋಡಿದಳು, ಇಷ್ಟವಾಗದೆ ವಾಪಸು ಇಟ್ಟು ಹಿಂದಿನದನ್ನು ತೆಗೆದಳು. ಹಾಗೆಯೇ ಮೂರನೇ ಕೌಂಟರಿಗೆ ಹೋಗಿ ನಿಂತಳು. ಅವಳ ಬಾಯಿ ಆಡುತ್ತಿತ್ತು. ನಡುವೆ ನಿಲ್ಲಿಸಿ, ತಲೆ ಓರೆ ಮಾಡಿ, ಕೇಳುತ್ತಿದ್ದಳು. ನನ್ನ ಕುರ್ಚಿಯಲ್ಲಿದ್ದ ಗಿರಾಕಿ, “ಯಜಮಾನರೇ, ಕತ್ತರಿ ನಿಂತುಬಿಡ್ತಲ್ಲ?” ಎಂದ. ನಿಂತಿತ್ತು.

ಓಡಿಹೋಗಿ ಕಾವಲುಗಾರನ ಮೇಲೆ ಹಾರಾಡಿದೆ. “ಕಣ್ಣು ಕಾಣಲ್ವೇನಯ್ಯಾ? ವಯಸ್ಸಾದ ಹೆಂಗಸನ್ನ ಒಳಗೆ ಬಿಟ್ಕೊಂಡು ಕೂತಿದೀಯಾ?”

ಪಾಪ, ಅವನೂ ಹೆದರಿದ್ದ. “ನನ್ಮೇಲೆ ಕೂಗಬೇಡಿ ಯಜಮಾನ್ರೇ. ಬರೋರನ್ನ ತಡೀಬೇಡ ಅಂತ ಆರ್ಡರ್ ಆಗಿದೆ. ಬಾಗಿಲ ಮೇಲೆ ನೋಡಿ, ಎಣಿಸೋ ಮಿಷನ್ ಇದೆ. ಒಳಗೆ ಬಂದೋರ ಲೆಕ್ಕ ಕಂಪನಿಯೋರಿಗೆ ಬೇಕಂತೆ.” ವಾರ ಕಳೆದ ಮೇಲೆ ಅವನೇ ಬಂದು ದನಿ ತಗ್ಗಿಸಿ, “ನಿಮ್ಮಕ್ಕ ಆ ಕೌಂಟರಲ್ಲಿ ಮಾತಾಡ್ತಾರಲ್ಲ, ಒಂದೊಂದ್ಸಲ ನಂಗೂ ಅಲ್ಲಿ ಯಾರೋ ಇದಾರೆ ಅನ್ಸುತ್ತೆ. ಆ ಕಡೆ ನಾನು ಹೋಗೋದೇ ಇಲ್ಲ,” ಎಂದ.

ಮನೆಗೆ ಬಂದು ಅಕ್ಕ ಚೀಲ ಬಿಚ್ಚುತ್ತಾಳೆ. ಇಲ್ಲದ ಬ್ರೆಡ್ಡನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾಳೆ. ಇಲ್ಲದ ಹಾಲನ್ನು ಕಾಯಿಸಿ, ಉಕ್ಕೀತೆಂದು ಪಕ್ಕದಲ್ಲೇ ನಿಲ್ಲುತ್ತಾಳೆ. ಲೋಟ ನನ್ನ ಮುಂದಿಟ್ಟು, “ಬಿಸಿ ಇದೆ, ಊದ್ಕೊಂಡು ಕುಡಿ” ಎನ್ನುತ್ತಾಳೆ. ನಾನು ಊದಿಕೊಂಡು ಕುಡಿದಿದ್ದೇನೆ, ಮಾನ್ಯರೇ. ನಾನು ಬೇರೆ ಕಡೆಯಿಂದ ತಂದದ್ದನ್ನು ಕಂಡರೆ ಅವಳಿಗೆ ಸಿಟ್ಟು. “ನಾನು ತಂದಿರೋವಾಗ ಮತ್ತೆ ಯಾಕೋ ತಂದೆ? ಕೈಯಲ್ಲಿ ದುಡ್ಡು ಕುಣೀತಿದೆಯಾ?” ನನ್ನ ತಟ್ಟೆ ತಳ್ಳಿ ತನ್ನ ಖಾಲಿ ತಟ್ಟೆಯಿಂದ ತಿನ್ನುತ್ತಾಳೆ. ತೃಪ್ತಿಯಾಗಿ ಕೈ ತೊಳೆಯುತ್ತಾಳೆ. ಬಳೆಗಳು ಮೊಣಕೈಯವರೆಗೆ ಜಾರುತ್ತಿವೆ. ಬೇಡಿಕೊಂಡು, ಬೈದು, ಕಥೆ ಕಟ್ಟಿ ನಾಲ್ಕು ತುತ್ತು ತಿನ್ನಿಸುವುದೇ ನನಗೆ ದಿನದ ಯುದ್ಧವಾಗಿದೆ. ಡಾಕ್ಟರು, “ಹೀಗೇ ಆದ್ರೆ ಚಳಿಗಾಲ ದಾಟೋದು ಕಷ್ಟ. ಇಲ್ಲದ್ದನ್ನ ಇದೆ ಅಂತ ತೋರಿಸೋ ಜಾಗದಿಂದ ದೂರ ಇಡಿ” ಎಂದರು. ದೂರ ಎಲ್ಲಿಡಲಿ? ಕಿಟಕಿ ತೆರೆದರೆ ಅದೇ ಬೆಳಕು. ಸಂಜೆಯಾದರೆ ನಮ್ಮ ಅಡುಗೆಮನೆಯ ಗೋಡೆಯ ಮೇಲೂ ಅದರದೇ ಬೆಳಕು.

ಹಸಿರಿನವರ ಕಚೇರಿಗೆ ಫೋನು ಮಾಡಿದೆ. ಬಹಳ ಸಿಹಿಯಾದ ದನಿಯವರೊಬ್ಬರು, “ಸರ್, ನಿಮ್ಮ ಅಕ್ಕನವರನ್ನ ಮನೆಯಲ್ಲೇ ಲಾಕ್ ಮಾಡಿ ಇಟ್ಕೊಳ್ಳಬಹುದಲ್ವಾ?” ಎಂದು ಸಲಹೆ ಕೊಟ್ಟರು. ಸತ್ತ ಅಂಗಡಿಯನ್ನು ತೆರೆದಿಟ್ಟು, ಬದುಕಿರುವ ಅಕ್ಕನಿಗೆ ಬೀಗ ಹಾಕಬೇಕಂತೆ! ಕೆಟ್ಟ ಬುದ್ಧಿಗೆ ಒಂದು ದಿನ ಹಾಗೆಯೂ ಮಾಡಿದೆ. ಅವಳು ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ. ಕಿಟಕಿಯ ಹತ್ತಿರ ಚೀಲ ಹಿಡಿದು ನಿಂತು ಆ ಬೆಳಕಿಗೆ ಕೈ ಬೀಸಿ, “ಬರ್ತೀನಮ್ಮಾ, ಇವನು ಕೀಲಿ ಎಲ್ಲೋ ಹಾಕಿದಾನೆ” ಎನ್ನುತ್ತಿದ್ದಳು. ಬೀಗ ತೆಗೆದೆ.

ನಿಮ್ಮ ಕಚೇರಿಯಿಂದ ತಪಾಸಣೆಗೆ ಬಂದಿದ್ದರು. ನಿಮಗೆ ಗೊತ್ತಿರಬೇಕು, ಕಳಿಸಿದವರು ನೀವೇ. ಕಾವಲುಗಾರ ಊಟಕ್ಕೆ ಹೋಗಿದ್ದನೆಂದು ಆ ಸಾಹೇಬರು ಕಾಯುತ್ತಾ ನನ್ನ ಕುರ್ಚಿಯಲ್ಲಿ ಕುಳಿತು ಗಡ್ಡ ಮಾಡಿಸಿಕೊಂಡರು. ಸೋಪಿನ ನೊರೆ ಹಚ್ಚಿಕೊಂಡೇ ಕನ್ನಡಿಯಲ್ಲಿ ಅಂಗಡಿ ನೋಡುತ್ತಿದ್ದರು. ಅಷ್ಟರಲ್ಲಿ ಅಕ್ಕ ಬೀದಿ ದಾಟಿದಳು, ಬಾಗಿಲು ಸರಿಯಿತು.

“ನೋಡಿ,” ಎಂದರು ಸಾಹೇಬರು ಸಮಾಧಾನದಿಂದ, “ಮುಚ್ಚಿದೆ ಮುಚ್ಚಿದೆ ಅಂತ ಜನ ಸುಮ್ನೆ ಅರ್ಜಿ ಹಾಕ್ತಾರೆ. ಗಿರಾಕಿಗಳು ಬರ್ತಾನೇ ಇದಾರಲ್ಲ. ಮಿಷನ್ ಲೆಕ್ಕಾನೂ ಹಾಗೇ ಹೇಳುತ್ತೆ, ಒಂದು ದಿನ ತಪ್ಪಿಲ್ಲ.”

“ಅದು ನಮ್ಮಕ್ಕ ಸ್ವಾಮಿ,” ಎಂದೆ.

“ಯಾರ ಅಕ್ಕ ಆದ್ರೇನು, ಗಿರಾಕಿ ಗಿರಾಕಿನೇ.”

ಆ ಗಳಿಗೆಯಲ್ಲಿ ನನ್ನ ಕೈಯಲ್ಲಿ ಕತ್ತಿ ಇತ್ತು, ಕತ್ತಿಯ ಕೆಳಗೆ ಅವರ ಗಂಟಲಿತ್ತು. ಒಂದು ಗೀರೂ ಬೀಳಲಿಲ್ಲ, ಬೇಕಾದರೆ ಕರೆಸಿ ನೋಡಿ. ಬದುಕಿನಲ್ಲಿ ಒಂದೇ ಒಂದು ಸಲ ಕೋಪ ನುಂಗಿಕೊಂಡೆ, ಅದೂ ಸರ್ಕಾರಿ ಕೆಲಸಕ್ಕೆ. ನಿಮ್ಮ ವರದಿಯಲ್ಲಿ ‘ಗ್ರಾಹಕರ ಓಡಾಟ ಸಮಾಧಾನಕರ’ ಎಂದು ಬಂತು. ಆ ಗ್ರಾಹಕರು ಎಂದರೆ ನನ್ನ ಅಕ್ಕ, ಮಾನ್ಯರೇ. ಅವಳೊಬ್ಬಳು. ಅವಳ ಮರೆವಿನ ಮೇಲೆ ಆ ಕಂಪನಿ ನಿಂತಿದೆ, ಅವಳ ಸವೆದ ಚಪ್ಪಲಿಯ ಮೇಲೆ ನಿಮ್ಮ ಆದೇಶ ನಿಂತಿದೆ. ಅನ್ನ ತಿನ್ನದ ಮುದುಕಿಯ ಹೆಗಲ ಮೇಲೆ ಇಷ್ಟು ಭಾರ ಹೊರಿಸಬಹುದೇ?

ಬೀಗ ಹಾಕಿದರೆ ಅವಳ ಎದೆ ಒಡೆಯುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೇ ಹೆದರಿದ್ದೆ. ಹೋದ ತಿಂಗಳು ಗಾಳಿಗೆ ತಂತಿ ಹರಿದು ಬೀದಿಗೆಲ್ಲ ಎರಡು ದಿನ ಕರೆಂಟು ಇರಲಿಲ್ಲ. ಅಂಗಡಿ ಕತ್ತಲು. ಅಕ್ಕ ಹೋಗಿ ಬಾಗಿಲ ಮುಂದೆ ನಿಂತಳು. ಸರಿಯಲಿಲ್ಲ. ಗಾಜಿಗೆ ಹಣೆ ಹಚ್ಚಿ, ಕೈ ಮರೆ ಮಾಡಿ ಒಳಗೆ ನೋಡಿದಳು. ನಿಧಾನವಾಗಿ ಬೀದಿ ದಾಟಿ ಬಂದು, “ಮುಚ್ಬಿಟ್ಟಿದಾರೆ ಕಣೋ. ಖಾಲಿ ಮಾಡ್ಕೊಂಡು ಹೋಗಿದಾರೆ. ಪಾಪ, ಆ ಹುಡುಗಿ ಒಂದು ಮಾತೂ ಹೇಳ್ಲಿಲ್ಲ,” ಎಂದಳು. ಕುರ್ಚಿಯಲ್ಲಿ ಕುಳಿತು ಸ್ವಲ್ಪ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, “ಹಸಿವಾಗ್ತಿದೆ, ಏನಿದೆ?” ಎಂದಳು. ನಾನು ತಂದ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ಎರಡು ದಿನವೂ ತಿಂದಳು. ಮೂರನೆಯ ದಿನ ಕರೆಂಟು ಬಂತು, ಬಾಗಿಲು ಸರಿಯಿತು, ಅವಳ ಹಸಿವು ಮತ್ತೆ ಹೋಯಿತು. ಮುಚ್ಚಿದ ಬಾಗಿಲು ಅವಳಿಗೆ ಅರ್ಥವಾಗುತ್ತದೆ. ಅರ್ಥವಾಗದೆ ಇರುವುದು ನಿಮ್ಮ ತೆರೆದ ಬಾಗಿಲು.

ಮೊನ್ನೆ ಅವಳು ಒಳಗೆ ಹೋಗಿ ಬಹಳ ಹೊತ್ತಾದರೂ ಬರಲಿಲ್ಲ. ಕರೆತರಲು ನಾನೂ ಹೋದೆ. ಬಾಗಿಲ ಮೇಲಿನ ಮಿಷನ್ ಟಿಕ್ ಎಂದಿತು. ತಣ್ಣನೆಯ ಪೆಟ್ಟಿಗೆಗಳು ಖಾಲಿಯಾಗಿಯೇ ಗುಂಯ್‌ಗುಡುತ್ತಿದ್ದವು. ಅಕ್ಕ ಮೂರನೇ ಕೌಂಟರಿನಲ್ಲಿ ನಿಂತಿದ್ದಳು. ನನ್ನನ್ನು ಕಂಡು ನಕ್ಕು ಆ ಖಾಲಿ ಕುರ್ಚಿಗೆ, “ಇವನೇ ನಮ್ಮ ತಮ್ಮ. ಸ್ವಲ್ಪ ಕೋಪ ಜಾಸ್ತಿ, ಮನಸ್ಸು ಒಳ್ಳೇದು,” ಎಂದು ಪರಿಚಯ ಮಾಡಿಸಿದಳು. ಉತ್ತರ ಬಂದ ಹಾಗೆ ನಕ್ಕಳು. ನಾನು ಕೈ ಹಿಡಿದು ಎಳೆಯಬೇಕು ಅಂದುಕೊಂಡವನು ಅವಳ ಹಿಂದೆ ಸುಮ್ಮನೆ ನಿಂತೆ, ಸರದಿಯಲ್ಲಿ. ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ತಿರುಗಿ ನೋಡಲಿಲ್ಲ. ದಾರಿ ಬಿಡಲೆಂದು ಪಕ್ಕಕ್ಕೆ ಸರಿದೆ.

ಹೊರಗೆ ಬಂದ ಮೇಲೆ, ದಾರಿ ಬಿಟ್ಟದ್ದು ಯಾರಿಗೆ ಎಂದು ನನ್ನನ್ನೇ ಕೇಳಿಕೊಂಡೆ. ಬುದ್ಧಿ ನೆಟ್ಟಗಿರುವ ನನಗೇ ಹೀಗಾದರೆ ಅವಳ ಗತಿ ಏನು?

ಆದ್ದರಿಂದ ನನಗೆ ಪರಿಹಾರ ಬೇಡ, ಸಮಿತಿ ಬೇಡ, ಇನ್ನೊಂದು ತಪಾಸಣೆಯಂತೂ ಬೇಡವೇ ಬೇಡ. ಅಲ್ಲಿ ಕೆಂಪಿನವರು ಬರುತ್ತಾರೋ ನೀಲಿಯವರು ಬರುತ್ತಾರೋ ಆಮೇಲೆ ನೋಡಿಕೊಳ್ಳಿ, ನಿಜವಾದ ಬ್ರೆಡ್ಡು ಇಡುವ ಯಾರಾದರೂ ಸರಿ. ಮೊದಲು ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿಸಿ, ಮುಚ್ಚಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ. ಸತ್ತದ್ದನ್ನು ಸತ್ತಿದೆ ಎಂದು ಒಂದು ಸಲ ಬಾಯಿಬಿಟ್ಟು ಹೇಳಿ. ನನ್ನ ಅಕ್ಕ ಗಾಜಿಗೆ ಹಣೆ ಹಚ್ಚಿ ನೋಡಲಿ, ಅಳಲಿ, ಮನೆಗೆ ಬಂದು ಹಸಿವು ಅನ್ನಲಿ. ಚಳಿಗಾಲ ಹತ್ತಿರ ಬಂತು.

ಇದನ್ನು ಬರೆದು ಮುಗಿಸುವಾಗ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳುತ್ತಿದೆ. ಚೀಲ ಕೊಡವುತ್ತಿದ್ದಾಳೆ. “ನಿಂಗೇನಾದ್ರೂ ಬೇಕೇನೋ?” ಎಂದು ಕೇಳುತ್ತಿದ್ದಾಳೆ. ಬೀಗ ಎನ್ನಲೇ?

ಇಂತಿ,
ನಿಮ್ಮ ಮಿಷನ್ನಿನ ಲೆಕ್ಕದಲ್ಲಿ ಮೊನ್ನೆಯಿಂದ ಎರಡನೇ ಗಿರಾಕಿ,
ಎದುರಂಗಡಿಯ ಕ್ಷೌರಿಕ